ಊದಿದರೆ ಮಾತ್ರ

ವರ್ಲೀನ್ ಸ್ಟ್ಯಾಂಪರ್ ನಮ್ಮ ಹಳ್ಳದ ದಾರಿಯ ಕೊನೆಯ ಮನೆಯವಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದವಳು. ಆದರೆ ಊರಿಗೆ ಅವಳು ಬೇಕಾಗಿದ್ದುದು ಬೇರೆಯದಕ್ಕೆ. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಇಲ್ಲಿ ಮುಕ್ಕಾಲು ಮನೆಗಳಿಗೆ ಸರ್ಕಾರ ಕೊಡುವ ಬಡವರ ವೈದ್ಯಕೀಯ ಕಾರ್ಡು, ಅದೇ ಮೆಡಿಕೇಡ್, ಬಂತು. ಅದರ ಜೊತೆಗಿದ್ದ ದಪ್ಪ ಕೈಪಿಡಿ ಓದುವ ತಾಳ್ಮೆ ಯಾರಿಗಿತ್ತು? ಅವಳೊಬ್ಬಳಿಗೆ. ಯಾವ ಚಿಕಿತ್ಸೆಯ ಖರ್ಚು ಕಾರ್ಡಿಗೆ ಸೇರುತ್ತದೆ, ಯಾವುದರದ್ದು ಸೇರುವುದಿಲ್ಲ, ಎಲ್ಲವೂ ನಾಲಿಗೆಯ ತುದಿಯಲ್ಲಿ. ನನ್ನ ಗಂಡನ ಆಕ್ಸಿಜನ್ ಯಂತ್ರ ಸೇರುತ್ತದೆ, ನನ್ನ ಕನ್ನಡಕ ಸೇರುವುದಿಲ್ಲ ಎಂದವಳೂ ಅವಳೇ. ಸ್ವಲ್ಪ ಜಂಭವಿತ್ತು. ಇರಲಿ ಬಿಡಿ, ಜಂಭಪಡುವಂಥ ಕೆಲಸವೇ.

ಅವಳ ತಮ್ಮ ಡಾಯ್ಲ್ ಅವಳ ಜೊತೆಗೇ ಇದ್ದ. ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದವನು, ಮಾತೆತ್ತಿದರೆ ತಮಾಷೆ. ಅವನ ಕೆಳದವಡೆಯ ಹಲ್ಲು ಹುಳುಕಾಗಿತ್ತು. ನಮ್ಮ ರಾಜ್ಯದ ಕಾರ್ಡಿನಲ್ಲಿ ದೊಡ್ಡವರ ಹಲ್ಲು ತುಂಬಿಸಿಕೊಡುವುದಿಲ್ಲ. ಕೀಳುತ್ತಾರೆ, ಅದೂ ತುರ್ತು ಇದ್ದರೆ ಮಾತ್ರ. ನೋವಿದೆ ಎಂದರೆ ಸಾಲದು, ಊತ ಕಣ್ಣಿಗೆ ಕಾಣಬೇಕು. ಕಾರ್ಡು ಒಪ್ಪುವ ದಂತವೈದ್ಯ ಊರಿನ ಕ್ಲಿನಿಕ್ಕಿಗೆ ಬರುವುದು ಗುರುವಾರಗಳಲ್ಲಿ ಮಾತ್ರ. ಹಿಂದಿನ ತಿಂಗಳು ಡಾಯ್ಲ್ ಐಸ್ ಒತ್ತಿಕೊಂಡು, ಮನೆಯಲ್ಲಿ ಉಳಿದಿದ್ದ ಮಾತ್ರೆ ನುಂಗಿ, ಊತ ಇಳಿದ ಕೆನ್ನೆ ಹೊತ್ತು ಹೋಗಿದ್ದ. ಕೌಂಟರಿನ ಹುಡುಗಿ ಒಮ್ಮೆ ನೋಡಿ ವಾಪಸು ಕಳಿಸಿದಳು. ಥೂ, ಎಂಥ ನಿಯಮವೋ!

ಈ ಸಲ ಸೋಮವಾರವೇ ಕೆನ್ನೆ ಊದಿತು. ನಾನು ಹುರುಳಿಕಾಯಿ ಕೊಡಲು ಹೋಗಿದ್ದೆ.

“ಅಕ್ಕಾ, ಒಂಚೂರು ಐಸ್ ಇಟ್ಕೊಳ್ಲಾ?”

“ಮುಟ್ಟಿದ್ರೆ ಕೈ ಮುರೀತೀನಿ. ಹೋದ್ಸಲ ಇಟ್ಕೊಂಡು ಏನ್ ಉದ್ಧಾರ ಮಾಡ್ದೆ? ಊದ್ಲಿ. ಅವ್ರಿಗೆ ಕಾಣ್ಬೇಕು.”

“ಕುಂಬಳಕಾಯಿ ಆಗೋವರ್ಗೂ ಕಾಯ್ಲಾ?”

“ಗುರುವಾರದವರ್ಗೂ. ಮೂರೇ ದಿನ ಕಣೋ, ಮಗು ಥರ ಆಡ್ಬೇಡ.”

ನಾನೂ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ. ಮಾತ್ರೆಯ ಡಬ್ಬಿಯನ್ನು ಅವಳು ಏಪ್ರನ್ ಜೇಬಿಗೆ ಹಾಕಿಕೊಂಡಿದ್ದನ್ನು ನೋಡಿಯೂ ಸುಮ್ಮನಿದ್ದೆ.

ಬುಧವಾರ ಅವನಿಗೆ ಸೂಪೂ ಇಳಿಯಲಿಲ್ಲ. ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾಗಿತ್ತು. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವನ ಹಾಗೆ ಮಾತಾಡುತ್ತಿದ್ದ, ತಮಾಷೆ ನಿಂತುಹೋಗಿತ್ತು.

“ವರ್ಲೀನ್, ಇದು ಸರಿ ಕಾಣ್ತಿಲ್ಲ ಕಣೇ. ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗೋಣ.”

“ಅಲ್ಲಿ ಹಲ್ಲು ಕೀಳಲ್ಲ. ಮಾತ್ರೆ ಕೊಟ್ಟು ಕಳಿಸ್ತಾರೆ. ಊತ ಇಳಿಯುತ್ತೆ, ನಾಳೆ ಮತ್ತೆ ‘ತುರ್ತಲ್ಲ, ಹೋಗು’ ಅಂತಾರೆ. ಇದೆಲ್ಲ ನಿಂಗ್ ಗೊತ್ತಾ, ನಂಗ್ ಗೊತ್ತಾ?”

ಅವಳಿಗೇ ಗೊತ್ತಿತ್ತು. ಇಷ್ಟು ವರ್ಷ ಅವಳ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ನಾನು ಮನೆಗೆ ಬಂದೆ.

ಗುರುವಾರ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಕೌಂಟರಿನ ಹುಡುಗಿ ಒಂದು ಮಾತೂ ಕೇಳದೆ ಒಳಗೆ ಬಿಟ್ಟಳು. ವರ್ಲೀನ್ ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದಳು. ದಂತವೈದ್ಯ ಡಾಯ್ಲ್‌ನ ಕತ್ತು ಮುಟ್ಟಿ ನೋಡಿದವನು ಇಕ್ಕಳ ಎತ್ತಲೇ ಇಲ್ಲ, ಫೋನಿಗೆ ಓಡಿದ. ನಂಜು ಗಂಟಲಿಗೆ ಇಳಿದು ಉಸಿರಿನ ದಾರಿ ಮುಚ್ಚುತ್ತಿತ್ತು. ಶಾಲೆಯ ಮೈದಾನಕ್ಕೆ ಹೆಲಿಕಾಪ್ಟರ್ ಬಂತು.

ಭಾನುವಾರ ಮಧ್ಯಾಹ್ನ ನಗರದ ಆಸ್ಪತ್ರೆಯಲ್ಲಿ ಡಾಯ್ಲ್ ತೀರಿಹೋದ. ನಲವತ್ತಾರು ವರ್ಷ. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಆಸ್ಪತ್ರೆಯ ಕಚೇರಿಯವಳೊಬ್ಬಳು ಕಾಗದ ಹಿಡಿದು ಬಂದಳು. ಪಾಪ, ಒಳ್ಳೆಯ ಹೆಂಗಸು. ವರ್ಲೀನಳ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದಳು.

“ಖರ್ಚಿನ ಯೋಚ್ನೆ ಮಾಡ್ಬೇಡಿ ಮೇಡಂ. ಹೆಲಿಕಾಪ್ಟರು, ಆಪರೇಷನ್ನು, ಉಸಿರಾಟದ ಯಂತ್ರ, ನಾಲ್ಕು ದಿನದ್ದೂ ಎಲ್ಲಾ ನಿಮ್ಮ ತಮ್ಮನ ಕಾರ್ಡಿಗೆ ಸೇರುತ್ತೆ.”

“ಗೊತ್ತು,” ಎಂದಳು ವರ್ಲೀನ್. “ಎಲ್ಲಾ ಓದಿದೀನಿ.”

ಹೆಂಗಸು ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.