ಹಿಂದಿನ ಬೆಂಚಿಗೆ ಬೀಜಗಣಿತ

ಅಸಹ್ಯವಾದಾಗ ನಮ್ಮ ಲೆಕ್ಕದ ಟೀಚರ ಮೂಗಿನ ಎಡಹೊಳ್ಳೆ ಮಾತ್ರ ಮೇಲಕ್ಕೇರುತ್ತಿತ್ತು. ಅಲ್ಲಿದ್ದ ಬಿಳಿಕಲ್ಲಿನ ಮೂಗುಬೊಟ್ಟು ಹೊಳೆದು ಸುಮ್ಮನಾಗುತ್ತಿತ್ತು. ಆ ಶಾಲೆಯಲ್ಲಿ ಅಸಹ್ಯಕ್ಕೇನೂ ಬರವಿರಲಿಲ್ಲ.

ತೊಂಬತ್ತರ ದಶಕದ ಲಿಂಗರಾಜಪುರ. ಅಪ್ಪ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಮ್ಮಂಥ ಬಾಡಿಗೆ ಕೋಣೆಗಳ ಹುಡುಗಿಯರಿಗೆಲ್ಲ ಹತ್ತನೇ ತರಗತಿಯಲ್ಲಿ ಹಿಂದಿನ ಬೆಂಚೇ ಗತಿ. ಒಂದು ದಿನ ಹೆಡ್‌ಮಾಸ್ಟರು ಬಂದು, "ಹಿಂದ್ಗಡೆಯವರು ಬೀಜಗಣಿತ ಬಿಟ್ಬಿಡಿ. ನಾಲ್ಕು ಚಿತ್ರ, ಎರಡು ಪ್ರಮೇಯ ಬಾಯಿಪಾಠ ಮಾಡಿ, ಪಾಸಾಗ್ತೀರ. ಮನೆಗೆಲಸಕ್ಕೆ ಹೋಗೋರಿಗೆ ಎಕ್ಸು ವೈ ಯಾಕೆ?" ಎಂದು ನಕ್ಕರು.

ಟೀಚರು ಅವರ ಎದುರಿಗೇ "ಥೂ" ಎಂದರು. "ಇವರು ಏನಾಗ್ತಾರೆ ಅಂತ ನೀವೇ ಡಿಸೈಡ್ ಮಾಡ್ಬಿಟ್ರಾ ಸಾರ್? ಬೀಜಗಣಿತ ಬರ್ದೇ ಇದ್ರೆ ಮುಂದೆ ಡಿಪ್ಲೊಮಾಗೆ ಹೋಗಿ ಏನ್ ಮಾಡ್ತಾರೆ? ನಾನಂತೂ ಬಿಡ್ಸಲ್ಲ."

ನನಗೆ ಪಾಲಿಟೆಕ್ನಿಕ್ ಸೇರಬೇಕಿತ್ತು. ಅಪ್ಪ ಕಟ್ಟುವ ಮನೆಗಳ ನಕ್ಷೆ ನಾನು ಬರೆಯಬೇಕೆಂಬ ಆಸೆ.

ಪ್ರತಿ ಶನಿವಾರ ಮಧ್ಯಾಹ್ನ ಟೀಚರು ರಿಚರ್ಡ್ಸ್ ಟೌನಿನ ತಮ್ಮ ಮನೆಯ ವರಾಂಡದಲ್ಲಿ ನಮ್ಮನ್ನು ಕೂರಿಸಿಕೊಂಡು, ಎಂಟನೇ ತರಗತಿಯ ಲೆಕ್ಕದಿಂದ ಶುರು ಮಾಡಿದರು. ಮನೆಮಾತು ತಮಿಳು, ಬೈಗುಳ ಎರಡೂ ಭಾಷೆಯಲ್ಲಿ ಬರುತ್ತಿತ್ತು. ಪ್ರೀತಿಯ ಮಾತು ಒಂದರಲ್ಲೂ ಬರುತ್ತಿರಲಿಲ್ಲ. ಉತ್ತರ ಬಂದರೆ ಸಾಲದು, ಅದನ್ನು ಸಮೀಕರಣಕ್ಕೆ ಮತ್ತೆ ಹಾಕಿ ತಾಳೆ ನೋಡಲೇಬೇಕು.

ಎಕ್ಸ್‌ನ ಮೂರರಷ್ಟಕ್ಕೆ ನಾಲ್ಕು ಕೂಡಿಸಿದರೆ ಇಪ್ಪತ್ತೆರಡು, ಎಕ್ಸ್ ಎಷ್ಟು? ಗೈಡಿನಲ್ಲಿದ್ದಂತೆ ಏಳು ಎಂದೆ.

"ಹಾಕಿ ನೋಡ್ಮಾ."

ಹಾಕಿದೆ. ಇಪ್ಪತ್ತೈದು ಬಂತು. ನನ್ನ ಲೆಕ್ಕವೇ ತಪ್ಪಿರಬೇಕೆಂದು ಅಳಿಸಹೊರಟೆ. ಅವರು ಕೈ ಹಿಡಿದರು.

"ಅಳಿಸ್ಬೇಡ. ತಪ್ಪಿರೋದು ಗೈಡು. ಅಚ್ಚಾಗಿದೆ ಅಂತ ನಂಬ್ಬಿಟ್ಯಾ? ಅಸಹ್ಯ! ಯಾರೇ ಹೇಳ್ಲಿ, ಹಾಕಿ ನೋಡು. ಬೀಜಗಣಿತ ಕಲಿಯೋದು ಇದಕ್ಕೇಮಾ."

ಗೈಡಿನ ಮೇಲೆ ನನಗೂ ಅಂದೇ ಹೇಸಿಗೆ ಹುಟ್ಟಿತು. ನಾನು ಆರು ಎಂದು ಬರೆದೆ. ಪರೀಕ್ಷೆಯಲ್ಲಿ ಬೀಜಗಣಿತದ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ಕಿತು. ಟೀಚರಿಗೆ ಹೇಳಲು ಹೋದರೆ, "ಮೊದಲ್ನೇ ಸೆಮಿಸ್ಟರ್ ಲೆಕ್ಕ ಕಷ್ಟ, ಇವತ್ತೇ ಓದು" ಎಂದು ಕಳಿಸಿಬಿಟ್ಟರು.

ಕೆಲವು ವರ್ಷಗಳ ಹಿಂದೆ ಅವರು ತೀರಿಕೊಂಡರು. ಶಾಲೆಯ ಶ್ರದ್ಧಾಂಜಲಿ ಸಭೆಯಲ್ಲಿ ನಿವೃತ್ತ ಹೆಡ್‌ಮಾಸ್ಟರು ಕಣ್ಣೊರೆಸಿಕೊಳ್ಳುತ್ತ, "ದಡ್ಡ ಮಕ್ಕಳಿಗೂ ಬೀಜಗಣಿತ ಕಲಿಸ್ಬೇಕು ಅಂತ ನಾವಿಬ್ರೂ ಸೇರಿ ಪಣ ತೊಟ್ಟಿದ್ವಿ" ಎಂದರು. ಚಪ್ಪಾಳೆ ಬೇರೆ! ಮೈಯೆಲ್ಲ ಉರಿದು ಎದ್ದು ನಿಂತೆ.

"ಬಿಟ್ಬಿಡಿ ಅಂದಿದ್ದು ನೀವು ಸಾರ್. ಕಲಿಸಿದ್ದು ಅವರೊಬ್ರೇ. ನಾವು ದಡ್ಡರೂ ಆಗಿರ್ಲಿಲ್ಲ."

ಶ್ರದ್ಧಾಂಜಲಿ ಸಭೆಯಲ್ಲಿ ಆಡುವ ಮಾತಲ್ಲ ಅದು ಎಂದು ಹಲವರು ಬೈದರು. ಬೈಯಲಿ. ಟೀಚರ ಫೋಟೋದ ಮುಂದೆ ಆ ತಪ್ಪು ಉತ್ತರವನ್ನು ಹಾಗೇ ಬಿಟ್ಟು ಬರಲು ನನಗೆ ಆಗಲಿಲ್ಲ.