ಮೂವತ್ತನಾಲ್ಕು ವರ್ಷದ ನಡುಕ

ಬೆಳಗಿನ ಐದೂಕಾಲು. ಬ್ರಾಂಕ್ಸ್‌ನ ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಜೂಲಿಯಸ್ ಕ್ರೊನಿಕ್ ಗಾಜಿನ ಲೋಟಕ್ಕೆ ಅಂಚಿನವರೆಗೂ ನೀರು ತುಂಬಿಸಿಕೊಂಡು ನಲ್ಲಿಯಿಂದ ಕಿಟಕಿಯವರೆಗೆ ನಡೆಯುತ್ತಾರೆ. ಒಂಬತ್ತು ಹೆಜ್ಜೆ. ಕಿಟಕಿ ಮುಟ್ಟಿದ ಮೇಲೆ ತಿರುಗಿ ನೆಲ ನೋಡುತ್ತಾರೆ. ಎಷ್ಟು ಹನಿ ಚೆಲ್ಲಿದೆ ಎಂದು ಎಣಿಸಿ, ಹಳೇ ಬಟ್ಟೆಯಿಂದ ಒರೆಸಿ, ಮತ್ತೆ ನಲ್ಲಿಯ ಕಡೆ ಹೊರಡುತ್ತಾರೆ. ಹೀಗೆ ಇಪ್ಪತ್ತು ಸಲ. ಒಳಗೆ ಮಲಗಿರುವ ಹೆಂಡತಿ ಡೋರಾ ಏಳುವುದರೊಳಗೆ ಇದೆಲ್ಲ ಮುಗಿದಿರಬೇಕು. ಪತ್ರಿಕೆಗೆ ಬರೆಯುವ ನಾನು ಕೋಟು ಬಿಚ್ಚದೆ ಸ್ಟೂಲಿನ ಮೇಲೆ ಕುಳಿತಿದ್ದೇನೆ. ಈ ಕಟ್ಟಡದವರು ಆರು ಗಂಟೆಗೆ ಮುಂಚೆ ಮನೆ ಬಿಸಿ ಮಾಡುವುದಿಲ್ಲ.

"ನಿನ್ನೆ ಹನ್ನೊಂದು ಹನಿ, ಇವತ್ತು ಹದಿನಾಲ್ಕು. ಚಳಿಗೆ ಇರ್ಬೇಕು" ಎನ್ನುತ್ತಾರೆ ಕ್ರೊನಿಕ್. ಚಳಿಗಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಇವರನ್ನು ನೀವು ನೋಡಿದ್ದೀರಿ. ಹೆಸರು ಗೊತ್ತಿಲ್ಲ, ಅಷ್ಟೆ. ನಲವತ್ತೊಂದು ಸಿನಿಮಾಗಳಲ್ಲಿ ಇವರು ಅಜ್ಜ, ಪಾದ್ರಿ, ದರ್ಜಿ, ಮಂಚದಲ್ಲಿ ಸಾಯುತ್ತಾ ಆಸ್ತಿಯ ಗುಟ್ಟು ಹೇಳುವ ಮುದುಕ. ಅದರಲ್ಲಿ ತೆರೆಯ ಮೇಲೆ ಹೆಸರು ಬಂದದ್ದು ಒಂಬತ್ತರಲ್ಲಿ. ರಂಗದ ಮೇಲೆ ಅರವತ್ತಕ್ಕೂ ಹೆಚ್ಚು ನಾಟಕ. ಸದ್ಯ ನಲವತ್ತೆಂಟನೇ ಬೀದಿಯ ಥಿಯೇಟರಿನಲ್ಲಿ ವಾರಕ್ಕೆ ಎಂಟು ಪ್ರದರ್ಶನ, ಪ್ರತಿ ಸಲವೂ ಮೂರನೇ ಅಂಕದಲ್ಲಿ ಸೂಪು ಕುಡಿಯಲು ಹೋಗಿ ಮೈಮೇಲೆ ಚೆಲ್ಲಿಕೊಳ್ಳುತ್ತಾರೆ. ಆ ನಡುಗುವ ಕೈ ನೋಡಿ ಜನ ಕರವಸ್ತ್ರ ತೆಗೆಯುತ್ತಾರೆ. ಈ ಊರಿನಲ್ಲಿ ಇಷ್ಟು ಚೆನ್ನಾಗಿ ಯಾರ ಕೈಯೂ ನಡುಗುವುದಿಲ್ಲ ಎಂದು ಒಬ್ಬ ವಿಮರ್ಶಕ ಮಹಾಶಯ ಬರೆದ. ಅವನ ಬಾಯಿಗೆ ಮಣ್ಣು ಹಾಕಬೇಕು ಅನಿಸುತ್ತದೆ ನನಗೀಗ, ಪಾಪ, ಅವನದೇನೂ ತಪ್ಪಿಲ್ಲದಿದ್ದರೂ.

ಇವರು ಮುದುಕರಾದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಸೆಕೆಂಡ್ ಅವೆನ್ಯೂ ಬೀದಿಯ, ಯೆಹೂದಿಗಳ ಯಿಡ್ಡಿಷ್ ಭಾಷೆಯ ನಾಟಕ ಕಂಪನಿಯಲ್ಲಿ ಅಪ್ಪನ ಪಾತ್ರ ಮಾಡುತ್ತಿದ್ದವನು ಟಿಕೆಟ್ ಕೊಡುವ ಹುಡುಗಿಯನ್ನು ಕಟ್ಟಿಕೊಂಡು ಫಿಲಡೆಲ್ಫಿಯಾಕ್ಕೆ ಓಡಿಹೋದ. ತಲೆಗೂದಲು ತೆಳ್ಳಗಿದೆ ಎನ್ನುವ ಒಂದೇ ಕಾರಣಕ್ಕೆ ಕ್ರೊನಿಕ್‌ರ ಮುಖಕ್ಕೆ ಕಂಪನಿಯವರು ಗಡ್ಡ ಅಂಟಿಸಿದರು. ಆ ಗಡ್ಡ ಮತ್ತೆ ಬಿಚ್ಚಲೇ ಇಲ್ಲ.

"ಪಾರ್ಕಿನ ಬೆಂಚಿನ ಮೇಲೆ ಮುದುಕರ ಪಕ್ಕ ಕೂತ್ಕೊಳ್ತಿದ್ದೆ" ಎಂದು ನೆನೆಯುತ್ತಾರೆ. "ಟೀ ಕೊಡ್ಸೋದು, ಕೈ ನೋಡೋದು. ಎಷ್ಟು ಟೀ ಕೊಡ್ಸಿದೀನೋ! ಹೊಸಬ್ರು ಬರೀ ಬೆರಳು ಅಲ್ಲಾಡಿಸ್ತಾರೆ. ನಡುಕ ಮೊಣಕೈಯಿಂದ ಬರ್ಬೇಕು ಅಂತ ನಾನೇ ಎಲ್ಲರಿಗೂ ಪಾಠ ಮಾಡ್ದೆ." ಒಂದು ಕ್ಷಣ ತಮ್ಮ ಬಲಗೈ ನೋಡಿಕೊಳ್ಳುತ್ತಾರೆ. "ಅಸಲಿ ನಡುಕ ಹೆಬ್ಬೆರಳಿಂದ ಶುರುವಾಗುತ್ತೆ ಮಾರಾಯ. ಮೂವತ್ತನಾಲ್ಕು ವರ್ಷ ತಪ್ಪು ಮಾಡಿದೀನಿ, ಒಬ್ಬನಾದ್ರೂ ಹೇಳ್ಬಾರ್ದಿತ್ತಾ?"

ಅಸಲಿ ನಡುಕ ಬಂದು ಒಂದೂವರೆ ವರ್ಷವಾಯಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ, ಔಷಧಿ ಹೇಳಿಲ್ಲ. ವಿಷಯ ನಾಟಕದವರ ಕಿವಿಗೆ ಬಿದ್ದರೆ ಮರುದಿನವೇ ಆ ಪಾತ್ರಕ್ಕೆ ಬೇರೆಯವರು ಬರುತ್ತಾರೆ. ಕಾಯಿಲೆಯವನನ್ನು ನಂಬಿ ಯಾರೂ ಪರದೆ ಎತ್ತುವುದಿಲ್ಲ. ಹಾಗಾಗಿ ರಂಗದ ಮೇಲೆ ಕೈಯನ್ನು ಅದರ ಪಾಡಿಗೆ ಬಿಡುತ್ತಾರೆ. ರಂಗದಿಂದ ಇಳಿದ ಮೇಲೆ ಜೇಬಿನಲ್ಲಿ ಬಚ್ಚಿಡುತ್ತಾರೆ.

ನಾನು ಬಂದದ್ದು ಬೇರೆಯೇ ಕಥೆ ಬರೆಯಲು. ಐವತ್ತೆಂಟನೇ ವಯಸ್ಸಿಗೆ ಕ್ರೊನಿಕ್‌ಗೆ ಮೊದಲ ದೊಡ್ಡ ಪಾತ್ರ ಸಿಗುವುದರಲ್ಲಿತ್ತು. ಗಡಿಯಾರ ರಿಪೇರಿ ಮಾಡುವವನ ಪಾತ್ರ. ಸಿನಿಮಾದ ತುಂಬ ಅವನೇ, ಅವನ ಮುಖ, ಹತ್ತಿರದಿಂದ ಅವನ ಕೈ. ಇವತ್ತು ಸೋಮವಾರ, ಹತ್ತು ಗಂಟೆಗೆ ಕ್ಯಾಮೆರಾ ಮುಂದೆ ಪರೀಕ್ಷೆ. ಒಂದು ಖುಷಿಯ ಲೇಖನ ತಾ ಎಂದು ಸಂಪಾದಕರು ಕಳಿಸಿದರು. ಬೆಳಗಿನ ಜಾವದಿಂದಲೇ ಜೊತೆಗಿರುತ್ತೇನೆ ಎಂದು ನಾನು ಹಟ ಹಿಡಿದೆ. ಬಾಗಿಲು ತೆರೆದವರು ಲೋಟ ಹಿಡಿದೇ ನಿಂತಿದ್ದರು.

"ಐದು ಗಂಟೆಗೆ ಬಂದೋನ ಹತ್ರ ಏನು ಮುಚ್ಚಿಡ್ಲಿ? ಕೂತ್ಕೋ. ಆದ್ರೆ ಈ ನಾಟಕ ನಿಲ್ಲೋವರೆಗೂ ಒಂದಕ್ಷರ ಬರೀಕೂಡ್ದು" ಎಂದರು. ಮಾತು ಕೊಟ್ಟೆ.

ಆರೂವರೆಗೆ ಡೋರಾ ಎದ್ದು ಬಂದು ರೈ ಬ್ರೆಡ್ಡು, ಹೆರಿಂಗ್ ಮೀನು ಇಡುತ್ತಾರೆ. ನನಗೆ ಲೋಟದ ತುಂಬ ಟೀ, ಗಂಡನಿಗೆ ಅರ್ಧ ಲೋಟ.

"ನೋಡು, ನಟನಿಗೆ ಅರ್ಧ, ಪೇಪರ್‌ನೋನಿಗೆ ಪೂರ್ತಿ" ಎಂದು ಕ್ರೊನಿಕ್ ದೂರುತ್ತಾರೆ.

"ಅವ್ರು ನಮ್ಮ ಬಗ್ಗೆ ನಾಕು ಒಳ್ಳೇ ಮಾತು ಬರೀತಾರೆ. ನೀವೇನು ಬರೀತೀರಾ, ಮಹಾನುಭಾವರು? ಸುಮ್ನೆ ಕುಡೀರಿ."

ಹತ್ತು ಗಂಟೆಗೆ ಸ್ಟುಡಿಯೋ. ನಿರ್ದೇಶಕ ಹ್ಯಾಡ್ಲಿಗೆ ಮೂವತ್ತೂ ದಾಟಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಜೇಬುಗಡಿಯಾರ, ಚಿಮಟ, ಅಕ್ಕಿಕಾಳಿನಷ್ಟು ಹಲ್ಲುಚಕ್ರ. ಅದನ್ನೆತ್ತಿ ಅದರ ಜಾಗದಲ್ಲಿ ಕೂರಿಸಬೇಕು, ಮಾತಿಲ್ಲ. ಕ್ರೊನಿಕ್ ಕೂರುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ, ಚಿಮಟ ಎತ್ತುತ್ತಾರೆ. ಚಕ್ರ ಉರುಳಿ ನೆಲಕ್ಕೆ ಬೀಳುತ್ತದೆ.

"ಕ್ರೊನಿಕ್, ಆ ನಡುಕ ಬೇಡ. ಇವನು ಕೆಲಸ ಬಲ್ಲೋನು" ಎನ್ನುತ್ತಾನೆ ಹ್ಯಾಡ್ಲಿ.

"ಕ್ಷಮಿಸಿ, ಅಭ್ಯಾಸಬಲ."

ಎರಡನೇ ಸಲವೂ ಚಕ್ರ ಬೀಳುತ್ತದೆ. ಮೂರನೇ ಸಲ ಹ್ಯಾಡ್ಲಿಯ ದನಿ ಏರುತ್ತದೆ. "ಸ್ವಾಮಿ, ಇದು ನಾಟಕ ಅಲ್ಲ. ಹಿಂದಿನ ಸಾಲಿನೋರಿಗೆ ಕಾಣೋ ಹಾಗೆ ಆಡ್ಬೇಡಿ. ಕ್ಯಾಮೆರಾ ಇಲ್ಲೇ ಒಂದಡಿ ದೂರದಲ್ಲಿದೆ."

ನಾಲ್ಕನೇ ಸಲಕ್ಕೆ ಕ್ಯಾಮೆರಾದವನು ತಲೆಯೆತ್ತುತ್ತಾನೆ. ವಯಸ್ಸಾದ ಮನುಷ್ಯ. ಕ್ರೊನಿಕ್‌ರ ಹೆಬ್ಬೆರಳನ್ನೇ ದಿಟ್ಟಿಸಿ, "ಒಂದ್ನಿಮಿಷ, ಇದು…" ಎನ್ನುತ್ತಾನೆ.

ಆಗ ಕ್ರೊನಿಕ್ ಮಾಡಿದ್ದನ್ನು ನಾನು ಸಾಯುವತನಕ ಮರೆಯಲಾರೆ. ಎರಡೂ ಕೈ ನಡುಗಿಸುತ್ತಾರೆ, ಅದೂ ಮೊಣಕೈಯಿಂದ. ತಲೆ ಅಲ್ಲಾಡಿಸುತ್ತಾರೆ. ಗೊರಗೊರ ಕೆಮ್ಮಿ, ಕಣ್ಣು ಮೇಲೆ ಮಾಡಿ, "ಅಯ್ಯೋ ದೇವರೇ, ನನ್ನ ಗಡಿಯಾರ!" ಎಂದು ಹಳೇ ಕಂಪನಿಯ ರಾಗದಲ್ಲಿ ನರಳುತ್ತಾರೆ. ಕೋಣೆಯಲ್ಲಿದ್ದವರು ಗೊಳ್ಳೆಂದು ನಗುತ್ತಾರೆ. "ಸೆಕೆಂಡ್ ಅವೆನ್ಯೂದೋರಿಗೆಲ್ಲ ಇದೇ ರೋಗ" ಎಂದು ಯಾರೋ ಅನ್ನುತ್ತಾರೆ. ಕ್ಯಾಮೆರಾದವನೂ ನಕ್ಕು ಮತ್ತೆ ಕ್ಯಾಮೆರಾದ ಹಿಂದೆ ಬಗ್ಗುತ್ತಾನೆ.

"ಸಾಕು. ಬಂದಿದ್ದಕ್ಕೆ ಥ್ಯಾಂಕ್ಸ್" ಎನ್ನುತ್ತಾನೆ ಹ್ಯಾಡ್ಲಿ, ಅವರ ಮುಖವನ್ನೂ ನೋಡದೆ.

ಹೊರಗೆ ಹಿಮ ಕೆಸರಾಗಿದೆ. ಸಬ್‌ವೇ ರೈಲಿನ ಮೆಟ್ಟಿಲವರೆಗೆ ನಡೆಯುತ್ತೇವೆ. ನನಗೆ ಸಿಟ್ಟೂ ಬರುತ್ತಿದೆ, ಅಳುವೂ ಬರುತ್ತಿದೆ. ಕಾಯಿಲೆ ಅಂದಿದ್ದರೆ ಕನಿಕರವಾದರೂ ಪಡುತ್ತಿದ್ದರಲ್ಲ, ನಗಿಸಿಕೊಂಡು ಬರಬೇಕಿತ್ತೇ ಎಂದು ಕೇಳಿಯೇಬಿಡುತ್ತೇನೆ.

"ಕನಿಕರ ತಗೊಂಡು ಏನ್ಮಾಡ್ಲಿ? ಪಾತ್ರ ಅಂತೂ ಹೋಯ್ತು. ಸಂಜೆ ಎಂಟೂವರೆಗೆ ಪರದೆ ಏಳುತ್ತೆ, ಅದಾದ್ರೂ ಉಳೀಲಿ" ಎನ್ನುತ್ತಾರೆ. ಆ ರಾತ್ರಿಯೂ ಸೂಪು ಚೆಲ್ಲಿಕೊಂಡರು, ಜನ ಕಣ್ಣೊರೆಸಿಕೊಂಡರು.

ಇದೆಲ್ಲ ಆಗಿ ಮೂರು ವಾರ. ಉಳಿಸಿಕೊಂಡದ್ದು ಅಷ್ಟೇ ದಿನ. ಕಳೆದ ಮಂಗಳವಾರ ರಂಗದ ಹಿಂಬಾಗಿಲ ಫಲಕದ ಮೇಲೆ ನೋಟಿಸು ಅಂಟಿಸಿದ್ದಾರೆ: ಟಿಕೆಟ್ ಹೋಗುತ್ತಿಲ್ಲ, ಶನಿವಾರ ಕೊನೆಯ ಪ್ರದರ್ಶನ. ಕ್ರೊನಿಕ್ ಫೋನು ಮಾಡಿ ನನ್ನನ್ನು ಕರೆಸಿಕೊಳ್ಳುತ್ತಾರೆ.

ಬಾಗಿಲು ತೆರೆಯುವುದು ಡೋರಾ. ಒಳಗೆ ಬಿಡುವ ಮೊದಲು ನನ್ನ ತೋಳು ಹಿಡಿದು ಪಿಸುಗುಡುತ್ತಾರೆ. "ನಂಗೆ ಗೊತ್ತಿಲ್ಲ ಅಂದ್ಕೊಂಡಿದಾರೆ. ಒಂದೂವರೆ ವರ್ಷದಿಂದ ದಿನಾ ಐದು ಗಂಟೆಗೆ ನಲ್ಲಿ ಸದ್ದು ಕೇಳ್ತಾ ಮಲಗಿರ್ತೀನಿ, ಮುಗಿಯೋವರೆಗೂ ಏಳಲ್ಲ. ಟೀ ಯಾಕೆ ಅರ್ಧ ಕೊಡ್ತೀನಿ ಅಂತ ಇನ್ನೂ ಹೊಳೆದಿಲ್ಲ ಆ ಮನುಷ್ಯನಿಗೆ. ನೀವು ಬರೀರಿ, ಓದ್ಕೊಳ್ಳಲಿ. ಬಾಯ್ಬಿಟ್ಟು ಹೇಳೋಕೆ ನನ್ನಿಂದಾಗಲ್ಲ." ಅದಕ್ಕೇ ಬರೆದಿದ್ದೇನೆ, ಕ್ರೊನಿಕ್ ಅವರೇ. ಓದಿ.

ಅಡುಗೆಮನೆಯಲ್ಲಿ ಅವರು ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದಾರೆ. ಜೇಬಿಗೆ ತುರುಕಿಲ್ಲ. ಹೆಬ್ಬೆರಳು ತನ್ನ ಪಾಡಿಗೆ ತಾನು ಅಲುಗುತ್ತಿದೆ.

"ನಿನ್ನ ಲೇಖನ ಭಾನುವಾರ ತಾನೇ ಬರೋದು? ಶನಿವಾರ ಪರದೆ ಬಿದ್ಮೇಲೆ ನಂದೇನೂ ಅಡ್ಡಿಯಿಲ್ಲ, ಏನು ಬೇಕಾದ್ರೂ ಬರ್ಕೋ. ಇನ್ನು ಯಾರೂ ಕರೆಯಲ್ಲ ನನ್ನ."

ಏನು ಬರೆಯಲಿ ಎಂದು ಕೇಳುತ್ತೇನೆ.

"ಮೂವತ್ತನಾಲ್ಕು ವರ್ಷ ಮುದುಕನ ಪಾತ್ರ ಮಾಡ್ದೆ, ಅದನ್ನ ಎಲ್ರೂ ನೋಡಿದಾರೆ, ಬಿಡು. ಆ ಸೋಮವಾರ ಐದು ನಿಮಿಷ ಕೆಟ್ಟ ನಟನ ಪಾತ್ರ ಮಾಡ್ದೆ. ಕೋಣೇಲಿ ಎಂಟು ಜನ ಇದ್ರು, ಎಲ್ಲ ಕಸುಬು ಬಲ್ಲೋರು. ಒಬ್ರಿಗೂ ಅನುಮಾನ ಬರ್ಲಿಲ್ಲ. ಅದನ್ನ ಬರಿ."