ಹುಲ್ಲೆಣಿಸಿದ ದಿನ ನಾನು ಮಾಡಿದ್ದು

ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು. ಅಣ್ಣನೆದುರು ಬಾಯಿಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸವದತ್ತಿ ಕಡೆಯ ನಮ್ಮೂರಿನ ಗುಡ್ಡದ ಇಳಿಜಾರು ಗಾಯರಾಣ, ಊರ ದನಕುರಿಗಳೆಲ್ಲ ಮೇಯುವ ಜಾಗ. ಅಣ್ಣನ ಕುರಿಗಳಿಗೆ ಅದನ್ನು ಬಿಟ್ಟರೆ ಬೇರೆ ನೆಲವಿಲ್ಲ. ಎರಡು ವರ್ಷದ ಹಿಂದೆ ಅಲ್ಲಿ ಹುಲ್ಲೆಷ್ಟಿದೆ ಎಂದು ನೋಡಲು ಸರ್ಕಾರದ ಕಡೆಯಿಂದ ಒಬ್ಬ ಹುಡುಗಿ ಜೀಪಿನಲ್ಲಿ ಬಂದಳು. ಜಾಗ ತೋರಿಸಲು ನನ್ನನ್ನು ಕೂಲಿಗೆ ಕರೆದಳು.

"ಹುಲ್ಲ ಎಣಸಾಕ ಪಗಾರ ಕೊಡ್ತಾರಂತ?" ಅಣ್ಣ ನಕ್ಕ. "ನನ್ನ ಕುರಿ ದಿನಾ ಪುಕ್ಕಟೆ ಎಣಸ್ತಾವಲ್ಲ! ಹೋಗ್ ತಂಗಿ, ಇದ್ದದ್ದ ಇದ್ದಂಗ ತೋರ್ಸು."

ನನಗೆ ನಗು ಬರಲಿಲ್ಲ. ಆಚೆಯ ಗುಡ್ಡದಲ್ಲಿ ಗಾಳಿಯಂತ್ರ ಹಾಕುವ ಮೊದಲೂ ಯಾರೋ ಹೀಗೇ ಬಂದು ಅಳೆದು ಹೋಗಿದ್ದರು. ಆಮೇಲೆ ಅಲ್ಲಿ ಕುರಿ ಮೇಯಲು ಬಿಡಲಿಲ್ಲ. ಕುರಿ ನೋಡಲು ಪರವೂರಿನವರು ಬಂದರೆ ಒಳ್ಳೆಯ ಟಗರನ್ನು ಹಿಂದೆ ದೂಡಿ ಬಡಕಲು ಕುರಿಯನ್ನು ಮುಂದೆ ಬಿಡುವುದು ನಮ್ಮ ಮನೆಯ ರೂಢಿ. ದೃಷ್ಟಿ ತಾಗಬಾರದು. ನೆಲಕ್ಕೂ ಹಾಗೇ ಮಾಡಿದೆ.

ಹುಡುಗಿಯ ಕೈಯಲ್ಲಿ ಕಬ್ಬಿಣದ ಚೌಕಟ್ಟಿತ್ತು. "ಅಕ್ಕಾರ, ಬೆನ್ನ ತಿರುಗಿಸಿ ಹೆಗಲ ಮ್ಯಾಲಿಂದ ಒಗೀರಿ. ಎಲ್ಲಿ ಬೀಳ್ತೈತಿ ಅಲ್ಲೇ ಎಣಸೋಣು."

ಮಧ್ಯಾಹ್ನ ಕುರಿಗಳು ಮಲಗಿ ಮಲಗಿ ಬೋಳಾದ ಕಡೆಗೇ ಅವಳನ್ನು ಕರೆದೊಯ್ದು ಬೆನ್ನು ತಿರುಗಿಸಿ ಎಸೆದೆ. ಹತ್ತು ಕಡೆಯೂ ಕಲ್ಲು, ಹಿಕ್ಕೆ.

"ಎಲ್ಲಾ ಕಡೆ ಹಿಂಗ ಐತ್ರಿ?"

"ಎಲ್ಲಾ ಕಡೆ ಹಿಂಗರೀ."

"ಆ ತೆಗ್ಗಿನ್ಯಾಗ?"

"ಅಲ್ಲಿ ಹಾವ ಅದಾವ್ರಿ."

ಆ ತೆಗ್ಗಿನಲ್ಲಿ ಮೊಣಕಾಲುಮಟ್ಟ ಹುಲ್ಲಿತ್ತು. ಅವಳು ತನ್ನ ಡಬ್ಬಿಯ ಚಪಾತಿ ಕೊಟ್ಟಳು. ಬಾಯಿ ಬಿಡಿಸಲು ಕೊಡುತ್ತಿದ್ದಾಳೆ ಎಂದುಕೊಂಡೇ ತಿಂದೆ.

ಮರುವರ್ಷ ಗಾಳಿಯಂತ್ರ ಬರಲಿಲ್ಲ, ತಂತಿಬೇಲಿ ಬಂತು. ನೆಲ ಪೂರ್ತಿ ಸವೆದಿದೆ, ಹುಲ್ಲು ಚಿಗುರುವವರೆಗೆ ಮೇಯಿಸುವಂತಿಲ್ಲ ಎಂದು ಫಲಕ ಹಾಕಿದರು. ಅಣ್ಣ ಅರ್ಧ ಕುರಿ ಮಾರಿದ. ಉಳಿದವನ್ನು ಮನೋಳಿ ಕಡೆಗೆ ಹೊಳೆಯ ದಂಡೆಗೆ ಹೊಡೆದುಕೊಂಡು ಹೋಗಿ ಹೊಲದವರ ಬೈಗುಳ ತಿನ್ನುತ್ತಾನೆ.

ಹೋದ ತಿಂಗಳು ಅವನು ಮತ್ತೆ ಅಳೆಯಬೇಕೆಂದು ಅರ್ಜಿ ಬರೆಸಿಕೊಂಡು ಬಂದ.

"ಆ ಹುಡುಗಿ ಗುಡ್ಡಾ ಸರಿಯಾಗಿ ತಿರುಗ್ಯಾಡಿಲ್ಲ, ಕುಂತಲ್ಲೇ ಬರದಾಳ. ನೀ ಸಂಗಾಟ ಇದ್ದಿ, ಹೌದಿಲ್ಲೋ?"

"ಹೌದಣ್ಣ."

"ತೆಗ್ಗಿನ್ಯಾಗಿನ ಹುಲ್ಲ ಆಕಿ ನೋಡಲೇ ಇಲ್ಲ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಾಗಿದೆಯೇ, ಬೇಕೆಂದೇ ಕೇಳುತ್ತಿದ್ದಾನೆಯೇ ಎಂದು ಅನುಮಾನ ಬಂತು.

"ನೋಡಲಿಲ್ಲ" ಎಂದೆ.

"ಹಂಗಾರ ಸಾಕ್ಷಿಗೆ ನಿಂದೊಂದು ಸಹಿ ಹಾಕವಾ. ನಿನ್ನ ಬಿಟ್ಟರ ನನಗ ಯಾರ ಅದಾರ?"

ಹಾಕಿದೆ. ಅಕ್ಷರ ಒಣಗಲೆಂದು ಅವನು ಕಾಗದವನ್ನು ಎರಡು ಸಲ ಊದಿ, ಕಿಸೆಯಲ್ಲಿಟ್ಟುಕೊಂಡು ಸವದತ್ತಿ ಬಸ್ಸು ಹತ್ತಿದ.